ಕೊರಿನ್‌ಳ ತೂಕ

“ನಮ್ಮಲ್ಲಿ ಹಂದಿ ತೂಗೋ ಮೆಷಿನ್ ಇದೆ... ಬರ್ತೀರಾ?”

ಛೀ! ಆಸ್ಪತ್ರೆಯಲ್ಲಿ, ಹತ್ತು ಜನರೆದುರು ಕೇಳುವ ಮಾತೇ ಇದು?

ಕೇಳಿದವನು ವೆಂಡೆಲ್, ಅಮೆರಿಕದ ಅಯೋವಾದ ಆ ಸಣ್ಣ ಊರಿನ ಪಶುವೈದ್ಯ. ತೀರಿಕೊಂಡ ತಂದೆಯ ಕಾಗದಪತ್ರಕ್ಕೆಂದು ಬಂದಿದ್ದ.

ಕೊರಿನ್‌ಗೆ ಹೊಸ ಕಿಡ್ನಿ ಹಾಕಿ ಮೂರು ತಿಂಗಳಾಗಿತ್ತು. ಮೈಯಲ್ಲಿ ನೀರು ತುಂಬಿ ತೂಕ ತಟ್ಟನೆ ಏರಿದರೆ ಕಿಡ್ನಿ ಕೆಡುತ್ತಿದೆ ಎಂದೇ ಅರ್ಥ. ಆದರೆ ಹದಿನಾರನೇ ವಯಸ್ಸಿನಲ್ಲಿ ಬೆನ್ನುಹುರಿಗೆ ಪೆಟ್ಟಾದಾಗಿನಿಂದ ಅವಳು ಗಾಲಿಕುರ್ಚಿಯಲ್ಲಿದ್ದಳು. ಕುರ್ಚಿ ಸಮೇತ ತೂಗುವ ಯಂತ್ರ ಅಲ್ಲಿ ಕೆಟ್ಟು ಎರಡು ತಿಂಗಳು!

“ಹೋದ ಸಲದ್ದೇ ಬರ್ಕೊಳ್ತೀನಿ ಚಿನ್ನ. ಕೂತಲ್ಲೇ ಇರೋಳಿಗೆ ತೂಕ ಎಲ್ಲಿ ಬದಲಾಗತ್ತೆ?” ಎಂದು ನರ್ಸ್ ಆಗಷ್ಟೇ ತಲೆ ಸವರಿ ಹೋಗಿದ್ದಳು. ಆ ಒದ್ದೆ ಕೈಗೆ ಕೊರಿನ್‌ಳ ಮೈಯೆಲ್ಲ ಹೇಸಿಗೆ. ಈಗ ಇವನು ಬೇರೆ!

“ನಾನು ನಿಮ್ಮ ಕಣ್ಣಿಗೆ ಹಂದಿ ಥರ ಕಾಣ್ತೀನಾ?”

“ಅಯ್ಯೋ, ಹಾಗಲ್ಲ...”

“ಬಾಯಿ ಮುಚ್ಚಿ!”

ಶುಕ್ರವಾರ ಬೂಟು ಕಾಲಿಗೆ ಹತ್ತಲಿಲ್ಲ. ಸ್ಪರ್ಶವೇ ತಿಳಿಯದ ಪಾದವನ್ನು ಒತ್ತಿದಳು. ಬೆರಳಿನ ಗುಳಿ ಹಾಗೆಯೇ ಉಳಿಯಿತು, ಹಿಟ್ಟಿನ ಮುದ್ದೆಯಂತೆ. ಥೂ, ನನ್ನ ಮೈಯೇ ನನಗೆ ಅಸಹ್ಯ...

ಆಸ್ಪತ್ರೆಗೆ ಫೋನ್ ಮಾಡಿದಳು.

“ಇಲ್ಲಿ ಬರೆದಿರೋ ತೂಕ ಸರಿಯಾಗೇ ಇದೆಯಲ್ಲ? ಸೋಮವಾರ ಬಾ.”

‘ಸೋಮವಾರದವರೆಗೆ ಕಿಡ್ನಿ ಉಳಿಯತ್ತಾ?’

ಕೈಯಿಂದಲೇ ನಡೆಸುವಂತೆ ಮಾಡಿಸಿದ್ದ ತನ್ನ ವ್ಯಾನು ಓಡಿಸಿಕೊಂಡು ವೆಂಡೆಲ್‌ನಲ್ಲಿಗೇ ಹೋದಳು. ಯಂತ್ರ ಥಳಥಳ ಹೊಳೆಯುತ್ತಿತ್ತು. ಆದರೂ ಹಂದಿಯ ನಾತ! ಅವಳಿಗೆ ಓಕರಿಕೆ ಬಂತು.

“ಎಷ್ಟು ತೊಳೆದ್ರೂ ಹೋಗ್ತಿಲ್ಲ,” ಎಂದ ವೆಂಡೆಲ್ ನಾಚಿಕೆಯಿಂದ. “ನಮ್ಮಪ್ಪಂಗೂ ಕಿಡ್ನಿ ಹಾಕಿದ್ರು. ಅವರೂ ಕುರ್ಚೀಲೇ ಇದ್ದೋರು. ಅವರನ್ನೂ ಯಾರೂ ತೂಗ್ಲಿಲ್ಲ...”

ಕೊರಿನ್ ತಲೆತಗ್ಗಿಸಿದಳು. ನಾನು ಬೈದದ್ದು ಇಂಥವನನ್ನೇ?

ಕುರ್ಚಿಯ ತೂಕ ಕಳೆದರೂ ಹಿಂದಿನದಕ್ಕಿಂತ ಹನ್ನೊಂದು ಪೌಂಡ್ ಹೆಚ್ಚು! ವೆಂಡೆಲ್ ಆ ಕ್ಷಣವೇ ಅವಳನ್ನು ನಗರದ ದೊಡ್ಡಾಸ್ಪತ್ರೆಗೆ ಕರೆದೊಯ್ದ. ದೇಹವು ಹೊಸ ಕಿಡ್ನಿಯನ್ನು ತಿರಸ್ಕರಿಸತೊಡಗಿತ್ತು. ಇನ್ನೆರಡು ದಿನ ತಡವಾಗಿದ್ದರೆ ಅದು ಉಳಿಯುತ್ತಿರಲಿಲ್ಲ ಎಂದರು ಡಾಕ್ಟರು.

ಒಂಬತ್ತನೆಯ ದಿನ, ಅಪಾಯ ಕಳೆದ ಮೇಲೆ, ಅವಳು ವೆಂಡೆಲ್‌ನನ್ನು ಕೇಳಿಯೇಬಿಟ್ಟಳು.

“ದಿನಾ ಯಾಕೆ ಬರ್ತೀರಾ? ಕನಿಕರಾನಾ? ಕನಿಕರ ಅಂದ್ರೆ ನಂಗೆ ವಾಂತಿ ಬರತ್ತೆ.”

“ನಂಗೂ ಅಷ್ಟೇ. ನಿಮ್ಮನ್ನ ನೋಡದಿದ್ರೆ ದಿನ ಹೋಗಲ್ಲ, ಅದಕ್ಕೆ ಬರ್ತೀನಿ.”

“ಈ ಊದಿದ ಮುಖಾನಾ?”

“ಇದನ್ನೇ. ನಾನು... ನಾನು ನಿಮ್ಮನ್ನ ಪ್ರೀತಿಸ್ತೀನಿ, ಕೊರಿನ್.”

ಅವಳ ಕಣ್ಣು ತುಂಬಿತು.

“ಮತ್ತೆ ‘ನೀವು’ ಯಾಕೋ? ‘ನೀನು’ ಅನ್ನು.”

“ನೀನು...”

“ಸೋಪು ಹಾಕಿ ಕೈ ತೊಳ್ಕೊಂಡಿದೀಯಾ?”

“ಹ್ಞೂಂ.”

“ಹಾಗಾದ್ರೆ ಕೈ ಕೊಡು.”