ಗೆರೆಯ ಆ ಕಡೆ

ಸುಣ್ಣದ ಗೆರೆ ಹೋಗಬೇಕಾದ ಜಾಗದಲ್ಲೇ ರಕ್ಷಾ ಬೇಕೆಂದೇ ನಿಂತಳು. ಬಗ್ಗಿ ಗೆರೆ ಹಾಕುತ್ತಾ ಬಂದ ವೆಂಕಟೇಶ ಅವಳ ಚಪ್ಪಲಿ ಕಂಡು ನಿಂತ. ತಲೆ ಎತ್ತಲಿಲ್ಲ, ಕಿವಿ ಮಾತ್ರ ಕೆಂಪಾಯಿತು.

“ಸ್ವಲ್ಪ ಸರೀರಿ,” ಅಂದ.

ಮೊನ್ನೆಯವರೆಗೆ ‘ನೀನು’ ಆಗಿದ್ದವಳು ಇವತ್ತು ‘ನೀವು’ ಆಗಿದ್ದಳು. ಅವಳಿಗೆ ಮೈಯೆಲ್ಲ ಉರಿಯಿತು.

ಕೊಟ್ಟಿಗೆಹಾರದಾಚೆಯ ಈ ಸರ್ಕಾರಿ ಹೈಸ್ಕೂಲಿನಲ್ಲಿ ಇಬ್ಬರೂ ಒಂದೇ ತರಗತಿಯಲ್ಲಿ ಓದಿದವರು. ಈಗ ಅವಳಿಗೆ ಮೂಡಿಗೆರೆಯ ಬ್ಯಾಂಕಿನಲ್ಲಿ ಕೆಲಸ, ಅವನು ಇಲ್ಲೇ ಪಿ.ಟಿ. ಮೇಷ್ಟ್ರು. ಅವನ ತಾಯಿ ಜವರಮ್ಮ ಕಾಫಿ ಹಣ್ಣು ಕೊಯ್ಯುವುದು ರಕ್ಷಾಳ ಅಪ್ಪ ಓಂಕಾರಮೂರ್ತಿಯವರ ಎಸ್ಟೇಟಿನಲ್ಲಿ. ನಿಮ್ಮಪ್ಪನಿಗೆ ಗೊತ್ತಾದರೆ ಅಮ್ಮನ ಕೆಲಸ, ಎಸ್ಟೇಟ್ ಕೊಟ್ಟಿರುವ ಲೈನ್ ಮನೆ ಎರಡೂ ಹೋಗುತ್ತವೆ, ನಮ್ಮ ಪ್ರೀತಿ ಇಲ್ಲಿಗೇ ಬಿಡೋಣ ಎಂದು ಮೊನ್ನೆ ಬಸ್ ಸ್ಟ್ಯಾಂಡಿನಲ್ಲಿ ಹೇಳಿಬಿಟ್ಟಿದ್ದ. ಅವಳನ್ನು ಒಂದು ಮಾತು ಕೇಳಿರಲಿಲ್ಲ. ಸಿಟ್ಟು ಅದಕ್ಕೇ.

ಇವತ್ತು ಶಾಲೆಯ ಸ್ಪೋರ್ಟ್ಸ್ ಡೇ, ಅದು ಮುಗಿಯುವುದು ಊರವರ ಹಗ್ಗಜಗ್ಗಾಟದಿಂದ. ಅದು ಶಾಲೆಯ ಹಳೆಯ ಪದ್ಧತಿ. ತೋಟದ ಒಡೆಯರ ಮನೆಯವರು ಒಂದು ಕಡೆ, ಲೈನ್ ಮನೆಗಳ ಕೂಲಿಯವರು ಇನ್ನೊಂದು ಕಡೆ. ಮೂರು ಸುತ್ತು, ಹೆಂಗಸರೂ ಎಳೆಯುತ್ತಾರೆ. ಮದುವೆ ನಿಶ್ಚಯವಾದ ಹುಡುಗಿ ಗಂಡಿನ ಕಡೆಯ ಹಗ್ಗ ಹಿಡಿದರೆ ಊರಿಗೆಲ್ಲ ಹೇಳಿದಂತೆ. ಆದರೆ ತೋಟದ ಮನೆಯಿಂದ ಲೈನಿನ ಕಡೆಗೆ ಗೆರೆ ದಾಟಿದವಳು ಇದುವರೆಗೆ ಒಬ್ಬಳೂ ಇರಲಿಲ್ಲ.

ಸಂಜೆ ಹೆಡ್‌ಮೇಷ್ಟ್ರು ಶಿವಯ್ಯ ಸೀಟಿ ಹಿಡಿದು ನಿಂತರು. ಓಂಕಾರಮೂರ್ತಿಯವರು ಹಗ್ಗದ ತುದಿಯನ್ನು ಸೊಂಟಕ್ಕೆ ಸುತ್ತಿಕೊಂಡು ಮಗಳಿಗೆ ತಮ್ಮ ಮುಂದಿನ ಜಾಗ ತೋರಿಸಿದರು. ಹಿಮ್ಮಡಿ ಊರಿ ಎಳೆಯುವುದನ್ನು ಅವಳಿಗೆ ಕಲಿಸಿದ್ದೇ ಅವರು.

ರಕ್ಷಾ ಚಪ್ಪಲಿ ಬಿಟ್ಟಳು. ಅಪ್ಪ ತೋರಿಸಿದ ಜಾಗ ದಾಟಿದಳು, ಹಗ್ಗದ ನಡುವಿನ ಕೆಂಪು ಕರ್ಚೀಫು ದಾಟಿದಳು, ಬೆಳಗ್ಗೆ ಅವನು ಹಾಕಿದ್ದ ಗೆರೆಯನ್ನೂ ದಾಟಿ ಲೈನಿನವರ ಸಾಲಿನಲ್ಲಿದ್ದ ವೆಂಕಟೇಶನ ಹಿಂದೆ ಹಗ್ಗ ಹಿಡಿದು ನಿಂತಳು.

“ಹೋಗೇ ಮಾರಾಯ್ತಿ, ಹುಡುಗಾಟ ಅಲ್ಲ ಇದು,” ಅವನು ಪಿಸುಗುಟ್ಟಿದ.

“ಅಬ್ಬ, ‘ನೀವು’ ಹೋಯ್ತಲ್ಲ,” ಅಂದಳು. ಅಷ್ಟು ಹೆದರಿಕೆಯಲ್ಲೂ ಅವನ ತುಟಿಯಂಚಿಗೆ ನಗು ಬಂತು.

“ರಕ್ಷಾ, ಈ ಕಡೆ ಬಾ.” ಅಪ್ಪನ ದನಿ ಜೋರಾಗಿರಲಿಲ್ಲ. ಜೋರಾಗಿದ್ದರೇ ವಾಸಿಯಿತ್ತು.

“ನಾನು ನನ್ನ ಕಡೇಲೇ ಇದೀನಿ ಅಪ್ಪ. ನೀವು ಎಳೀರಿ.”

ಅವಳ ಹಿಂದಿದ್ದವರು ಜವರಮ್ಮ. ಅವಳನ್ನು ದಿನವೂ ‘ಅಮ್ಮೋರೆ’ ಎಂದು ಕರೆಯುತ್ತಿದ್ದವರು, ಒಡೆಯರನ್ನೊಮ್ಮೆ ನೋಡಿ, ಹಿಂದೆ ಸರಿದು ಜಾಗ ಬಿಟ್ಟರು.

“ಗಟ್ಟಿ ಹಿಡ್ಕೊಳ್ಳೇ ಮಗಾ. ಕೆಲ್ಸ ಹೋದ್ರೆ ಬೇರೆ ತೋಟ ಇಲ್ವಾ?”

ವೆಂಕಟೇಶ ತಾಯಿಯನ್ನು ನೋಡಿದ, ರಕ್ಷಾಳನ್ನು ನೋಡಿದ. ಹಗ್ಗದ ಮೇಲಿನ ಅವಳ ಕೈಯ ಪಕ್ಕಕ್ಕೆ ತನ್ನ ಕೈ ಸರಿಸಿ ಒತ್ತಿ ಹಿಡಿದ, ಎಲ್ಲರೂ ನೋಡುವ ಹಾಗೆ.

“ಸರ್, ಸೀಟಿ ಊದಿ,” ಅಂದ.

ಓಂಕಾರಮೂರ್ತಿಯವರು ಇದ್ದ ಸಿಟ್ಟನ್ನೆಲ್ಲ ಹಾಕಿ ಎಳೆದರು. ಅವಳೂ ಅವರ ಮಗಳೇ, ಹಿಮ್ಮಡಿ ಊರಿದಳು. ಅಂಗೈ ಸುಲಿಯಿತು, ಬಿಡಲಿಲ್ಲ. ಕರ್ಚೀಫು ಒಮ್ಮೆ ಅತ್ತ, ಒಮ್ಮೆ ಇತ್ತ ತೂಗಿ, ಕೊನೆಗೆ ಲೈನಿನವರ ಕಡೆಗೆ ಗೆರೆ ದಾಟಿತು.

ಅಪ್ಪ ಏದುಸಿರು ಬಿಡುತ್ತಾ ಅವಳನ್ನೇ ನೋಡಿದರು. ಸೊಂಟದ ಹಗ್ಗ ಬಿಚ್ಚಲಿಲ್ಲ.

“ಇನ್ನೂ ಎರಡು ಸುತ್ತು ಇದೆ,” ಅಂದರು.

“ಇರ್ಲಿ ಅಪ್ಪ,” ಅಂದಳು ರಕ್ಷಾ, ವೆಂಕಟೇಶನ ಪಕ್ಕದಿಂದ ಕದಲದೆ.