ಏಳು ಕಲ್ಲಿಗೆ ಆರು ಮರಿ

ಬಹಳ ಹಿಂದೆ, ಹಾವಿಗೂ ಹಕ್ಕಿಗೂ ಮಾತು ಬರುತ್ತಿದ್ದ ಕಾಲದಲ್ಲಿ, ಹೊಂಬನ ಎಂಬ ರಾಜ್ಯವಿತ್ತು. ಅಲ್ಲಿ ಕೆರೆ ಪಕ್ಕದ ಒಂದು ಊರಲ್ಲಿ ದ್ಯಾವಕ್ಕ ಎಂಬ ಹೆಂಗಸು ಕೋಳಿ ಸಾಕಿಕೊಂಡಿದ್ದಳು. ಅವಳು ಕಾವಿಗೆ ಇಟ್ಟ ಮೊಟ್ಟೆ ಕೆಟ್ಟದ್ದೇ ಇಲ್ಲ. ಅಂಥ ಕೈ ಅದು!

ಒಂದು ದಿನ ಧೂಮಕೇಶಿ ಎಂಬ ಮಾಂತ್ರಿಕ ಬಂದು, "ಈ ಕೆರೆ ಇನ್ನು ನನ್ನದು" ಅಂದ. ಎದುರು ನಿಂತ ಏಳು ಜನರನ್ನು ಅಲ್ಲೇ ಕಲ್ಲು ಮಾಡಿಬಿಟ್ಟ. ಏಳನೆಯವನು ದ್ಯಾವಕ್ಕನ ಗಂಡ ಮಾರಯ್ಯ.

ದ್ಯಾವಕ್ಕ ಅಳುತ್ತ ಕೆರೆ ದಂಡೆಗೆ ಹೋದಳು. ಅಲ್ಲಿ ಕೆರೆ ಕಾಯುವ ಹೆಬ್ಬಾವು ಮಾಂತ್ರಿಕನ ಏಟಿಗೆ ಗಾಯಗೊಂಡು ಬಿದ್ದಿತ್ತು. ಏಳು ಮೊಟ್ಟೆಗಳನ್ನು ಸುತ್ತಿಕೊಂಡು ಗಡಗಡ ನಡುಗುತ್ತಿತ್ತು.

"ಚಳಿಯಾ ತಾಯಿ?"

"ಚಳಿಯಲ್ಲಮ್ಮ. ನಡುಗಿದರೆ ಮೈ ಬಿಸಿಯಾಗುತ್ತೆ. ಅದೇ ಮಕ್ಕಳಿಗೆ ಕಾವು. ಇನ್ನು ನನ್ನ ಕೈಲಾಗದು, ಗಾಯ ಮಾಯುವ ತನಕ ನೀರಿನ ತಳದಲ್ಲಿ ಮಲಗಬೇಕು. ಇವನ್ನು ಮನೆಗೆ ಒಯ್ದು ಮರಿ ಮಾಡಿಸು. ಒಂದೊಂದು ಮರಿಯ ಮೊದಲ ಬುಸುಗುಡುವಿಕೆ ಒಂದೊಂದು ಕಲ್ಲಿಗೆ ಜೀವ ಕೊಡುತ್ತೆ. ಆದರೆ ತಿರುಗಿಸಬೇಡ, ನೆನೆಸಬೇಡ, ಅವಸರ ಮಾಡಬೇಡ."

ದ್ಯಾವಕ್ಕ ಒಲೆಯ ಪಕ್ಕ ದೊಡ್ಡ ಮಣ್ಣಿನ ಗುಡಾಣವಿಟ್ಟು, ಹಸಿ ಮರಳು ತುಂಬಿ, ಮೊಟ್ಟೆಗಳನ್ನು ಕೂರಿಸಿದಳು. ಮೇಲಿನ ಬದಿ ಮೇಲೇ ಇರಲೆಂದು ಒಂದೊಂದಕ್ಕೂ ಸುಣ್ಣದ ಬೊಟ್ಟಿಟ್ಟಳು.

ಈ ಸುದ್ದಿ ಮಾಂತ್ರಿಕನ ಕಿವಿಗೂ ಬಿತ್ತು. ಆದರೆ ಅವನಿಗೆ ಪರರ ಹೊಸ್ತಿಲು ದಾಟುವ ಶಕ್ತಿಯಿರಲಿಲ್ಲ. ಅದಕ್ಕೇ ಕೋಳಿ ಮಾರುವ ಮುದುಕಿಯ ವೇಷದಲ್ಲಿ ಬಂದು ಅಂಗಳದಿಂದಲೇ ಕೇಳಿದ: "ಏನವ್ವ, ಮೊಟ್ಟೆ ತಿರುಗಿಸೋದಿಲ್ವಾ? ಒಂದೇ ಕಡೆ ಅಂಟಿಕೊಂಡು ಸಾಯ್ತಾವೆ!"

ಕೋಳಿಮೊಟ್ಟೆ ದಿನಾ ತಿರುಗಿಸಿದ ಇಪ್ಪತ್ತು ವರ್ಷದ ಕೈ. ತಾನಾಗಿಯೇ ಹೋಗಿ ಒಂದನ್ನು ಮಗುಚಿಬಿಟ್ಟಿತು. ಮೂರು ದಿನಕ್ಕೆ ಆ ಮೊಟ್ಟೆ ಕಪ್ಪಾಯಿತು. "ಅಯ್ಯೋ, ನನ್ನ ಕೈಗಿಷ್ಟು ಬೆಂಕಿ ಹಾಕ!" ಎಂದು ದ್ಯಾವಕ್ಕ ಹಣೆ ಹಣೆ ಬಡಿದುಕೊಂಡಳು.

ಎರಡನೇ ಸಲ ಅವನು ನೀರು ಹೊರುವವನಾಗಿ ಬಂದ. "ಎಂಥ ಬಿಸಿಲಕ್ಕ! ಪಾಪ, ಮೊಟ್ಟೆ ಮೇಲೆ ಒಂದು ಚೆಂಬು ನೀರು ಹುಯ್ಯಿ."

"ಅಷ್ಟು ಸೆಕೆಯಾದ್ರೆ ನಿನ್ನ ತಲೆ ಮೇಲೇ ಹುಯ್ಕೊಳ್ಳಪ್ಪ" ಅಂದಳು ದ್ಯಾವಕ್ಕ. ಗುಡಾಣದ ಬಾಯಿಗೆ ಒದ್ದೆ ಬಟ್ಟೆಯಷ್ಟೇ ಕಟ್ಟಿದಳು.

ಎರಡು ತಿಂಗಳಾಯಿತು. ಮೊಟ್ಟೆಗಳು ಗುಳಿಬಿದ್ದು ಸೊರಗಿದವು. ಮೂರನೇ ಸಲ ಮಾಂತ್ರಿಕ ವೈದ್ಯನಾಗಿ ಬಂದ. "ಕೊಳೆತಿವೆ ತಾಯಿ. ಸೀಳಿ ಮರಿ ತೆಗೆ, ಒಂದಾದರೂ ಉಳಿದೀತು."

ದ್ಯಾವಕ್ಕನ ಕೈ ಗುಡಾಣದತ್ತ ಚಾಚಿತು. ಆದರೂ ಎರಡೂ ಕೈ ಕಂಕುಳಲ್ಲಿ ಅವುಚಿಕೊಂಡು ಕೂತೇಬಿಟ್ಟಳು. ಎಂಥ ಗಟ್ಟಿ ಹೆಂಗಸು ನೋಡಿ! ಮರುದಿನ ಸಿಪ್ಪೆ ಸೀಳಿ ಆರು ಪುಟ್ಟ ಮೂತಿಗಳು ಇಣುಕಿದವು. ಮತ್ತೂ ಒಂದು ದಿನ ಹಾಗೇ ಇಣುಕುತ್ತ ಕೂತವು. ಅವಳು ಎಳೆಯಲಿಲ್ಲ. ಆಮೇಲೆ ತಾವಾಗಿಯೇ ಹೊರಬಂದವು.

ಅವನ್ನು ಬುಟ್ಟಿಯಲ್ಲಿಟ್ಟುಕೊಂಡು ಅವಳು ಕಲ್ಲುಗಳ ಬಳಿ ನಡೆದಳು. ಊರವರು, "ಮೊದಲು ನಿನ್ನ ಗಂಡನ್ನ ಎಬ್ಬಿಸು ದ್ಯಾವಕ್ಕ" ಅಂದರು.

"ಕೆಡಿಸಿದವಳು ನಾನು. ಬೇರೆಯವರ ಮನೆ ಯಾಕೆ ಬರಿದಾಗಬೇಕು?" ಅಂದಳು, ಕಣ್ಣು ತುಂಬಿಕೊಂಡು.

ಆರು ಮರಿ ಬುಸ್ಸೆಂದವು, ಆರು ಜನ ಎದ್ದರು. ಒಬ್ಬೊಬ್ಬರು ಎದ್ದಂತೆ, ತಡೆಯಲು ಓಡಿಬಂದಿದ್ದ ಧೂಮಕೇಶಿ ಶಕ್ತಿ ಕಳೆದುಕೊಂಡು ಕುಗ್ಗುತ್ತ ಬಂದು ಹೆಗ್ಗಣದಷ್ಟಾದ. ಆಗ ಗಾಯ ಮಾಯ್ದ ತಾಯಿ ಹೆಬ್ಬಾವು ಕೆರೆಯಿಂದೆದ್ದು ಬಂದು ಅವನನ್ನು ಗುಳುಕ್ಕನೆ ನುಂಗಿತು.

ಮಾರಯ್ಯ ಮಾತ್ರ ಕಲ್ಲಾಗಿಯೇ ಉಳಿದ.

ದ್ಯಾವಕ್ಕನಿಗೆ ದಂಡೆಯ ಮೇಲೆ ಹೆಬ್ಬಾವು ನಡುಗಿ ಕಾವು ಕೊಡುತ್ತಿದ್ದದ್ದು ನೆನಪಾಯಿತು. ಕಲ್ಲಿನ ಸುತ್ತ ಕೈಕಾಲು ಬಳಸಿ ಅಪ್ಪಿಕೊಂಡಳು. ಗಡಗಡ ನಡುಗಿದಳು. ಊರವರು ಗಂಜಿ ತಂದು ಕುಡಿಸಿದರು. ಮೈಯೆಲ್ಲ ಸೋತರೂ ಅವಳು ಬಿಡಲಿಲ್ಲ. ಏಳನೆಯ ದಿನ ಕಲ್ಲು ಬೆಚ್ಚಗಾಯಿತು. ಒಳಗೆ ಏನೋ ಮಿಡಿಯಿತು. ಮಾರಯ್ಯ ಕಣ್ಣು ಬಿಟ್ಟು ಮುಖ ಕಿವುಚಿದ.

"ಏನೇ ಇದು, ಎರಡು ತಿಂಗಳಿಂದ ಒಂದೇ ಕಡೆ ನಿಂತು ಸೊಂಟ ಹಿಡ್ಕೊಂಡಿದೆ. ಒಂಚೂರು ತಿರುಗಿಸಬಾರದಿತ್ತಾ?"

"ತಿರುಗಿಸಿದ್ರೆ ಕೆಟ್ಟುಹೋಗ್ತಿದ್ಯಲ್ಲೋ!" ಎಂದು ದ್ಯಾವಕ್ಕ ಅತ್ತಳು, ನಕ್ಕಳು, ಮತ್ತೆ ಅತ್ತಳು. ಊರಿಗೆ ಊರೇ ನಕ್ಕಿತು. ಹಾಗೆ ನಗುನಗುತ್ತಲೇ ಹೊಂಬನದವರು ನೂರು ಕಾಲ ಸುಖವಾಗಿ ಬಾಳಿದರು.