ಹದಿನಾಲ್ಕು ಮನೆಗೆ ಒಂದು ಜಮಖಾನೆ

“ಬೂಟು ಬಿಚ್ಚಿ ಬನ್ನಿ. ಇಲ್ಲಾಂದ್ರೆ ಹೊಸ್ತಿಲಲ್ಲೇ ನಿಂತು ಬರ್ಕೊಳ್ಳಿ.”

ತೂದಾ ಅವನಿಗೆ ಆಡಿದ ಮೊದಲ ಮಾತು ಇದು.

ಬಂದವನ ಹೆಸರು ಬಸ್ಸೂ. ಅಟ್ಲಾಸ್ ಬೆಟ್ಟದ ಆ ಕಣಿವೆಯಲ್ಲಿ ಜನ ಹೇಗೆ ಬದುಕುತ್ತಿದ್ದಾರೆಂದು ಬರೆದುಕೊಳ್ಳಲು ಕೆಳಗಿನ ಪಟ್ಟಣದಿಂದ ಬಂದಿದ್ದ. ಅವನ ಒಂದು ಕಾಲು ಜಮಖಾನೆಯ ಅಂಚಿನ ಮೇಲಿತ್ತು. ಹಿಂದೆ ಸರಿದು ಬೂಟು ಬಿಚ್ಚಿದ. ಹರಿದ ಕಾಲುಚೀಲದಿಂದ ಹೆಬ್ಬೆರಳು ಹೊರಗೆ ಇಣುಕಿತು.

ತಂಗಿ ಇಟ್ಟೊ ನಕ್ಕಳು. ತೂದಾ ನಗಲಿಲ್ಲ.

ಜಮಖಾನೆ ತೂದಾಳೇ ಎರಡು ಚಳಿಗಾಲ ಕೂತು ನೇಯ್ದದ್ದು. ಕೊನೆಯಲ್ಲಿ ಕೆಂಪು ಉಣ್ಣೆ ಸಾಲದೆ ಒಂದು ಮೂಲೆಗೆ ಹಸಿರು ಹಾಕಿದ್ದಳು.

ತಂದೆ ಹದ್ದೂ ಅತಿಥಿಯ ಮುಂದೆ ಅಕ್ರೋಟು, ಬೆಣ್ಣೆ, ಬಿಸಿ ರೊಟ್ಟಿ ಇಟ್ಟು ಪುದೀನ ಚಹಾ ಬಗ್ಗಿಸಿದರು.

“ಮನೆ ಪರಿಸ್ಥಿತಿ ಹೇಗಿದೆ, ಯಜಮಾನ್ರೇ?”

“ಅಲ್ಹಮ್ದುಲಿಲ್ಲಾ, ದೇವರಿಗೆ ವಂದನೆ. ಚೆನ್ನಾಗಿದೆ.”

“ಬರೋ ವರ್ಷ?”

“ಇನ್ನೂ ಚೆನ್ನಾಗಿರತ್ತೆ, ಮಗನೇ. ನೀನು ಬೆಣ್ಣೆ ತಗೋ.”

ಬಸ್ಸೂ ಹಾಳೆಯಲ್ಲಿ ಎರಡೂ ಪ್ರಶ್ನೆಗೆ ‘ಚೆನ್ನಾಗಿದೆ’ ಎಂಬುದರ ಎದುರು ಗುರುತು ಹಾಕಿದ.

ಹದ್ದೂ ಬೇರೇನು ಹೇಳಿಯಾರು? ಚಹಾ ಕುಡಿಯುತ್ತಿರುವ ಅತಿಥಿಯ ಮುಂದೆ ಕಷ್ಟ ತೋಡಿಕೊಳ್ಳುವುದೆಂದರೆ ಆ ಕಣಿವೆಯಲ್ಲಿ ಚಹಾಕ್ಕೆ ಬೆಲೆ ಕೇಳಿದಂತೆ.

ಬಸ್ಸೂ ಅಂಗಳ ದಾಟುವುದರೊಳಗೆ ಜಮಖಾನೆ ಸುರುಳಿಯಾಗಿ, ಮಾಳಿಗೆಯಿಂದ ಮಾಳಿಗೆಗೆ ಮುಂದಿನ ಮನೆ ಸೇರಿತ್ತು. ಹಿಂದೆಯೇ ಚಿನ್ನದ ಅಂಚಿನ ಚಹಾ ಲೋಟಗಳು ಹೋದವು. ಯಾರ ಮನೆಗೆ ಅತಿಥಿ ಬಂದರೂ ಊರಿನ ಒಳ್ಳೆಯ ಸಾಮಾನೆಲ್ಲ ಆ ಮನೆಗೆ. ಹಿಂದಿನಿಂದಲೂ ಹಾಗೆಯೇ.

ಮೂರನೆಯ ಮನೆಯಲ್ಲಿ ಬಸ್ಸೂ ಹಸಿರು ಮೂಲೆಯನ್ನು ಮತ್ತೆ ನೋಡಿದ. ಸಣ್ಣಗೆ ನಕ್ಕು, ಯಾರಿಗೂ ಕಾಣದಂತೆ ಅದನ್ನು ಕೆಳಗೆ ಮಡಚಿ, ಅದರ ಮೇಲೆ ಕುಳಿತ. ಲೋಟ ತಂದಿದ್ದ ತೂದಾಳಿಗೆ ಮಾತ್ರ ಕಂಡಿತು.

‘ಗೊತ್ತಾಗಿದೆ ಇವನಿಗೆ… ನಮ್ಮನ್ನ ನೋಡಿ ನಗ್ತಿದ್ದಾನೆ.’ ಅವಳ ಮೈಯೆಲ್ಲ ಉರಿಯಿತು.

ಮೂರನೆಯ ದಿನ ಶಾಲೆಯ ಮೇಷ್ಟ್ರು ನಿಜ ಸಂಗತಿ ಹೇಳಿದರು. ಬಸ್ಸೂ ಬರೆದುಕೊಳ್ಳುತ್ತಿರುವ ಲೆಕ್ಕದ ಪ್ರಕಾರ ಸುತ್ತಲಿನ ಕಣಿವೆಗಳಲ್ಲಿ ಯಾವುದರ ಸ್ಥಿತಿ ಎಲ್ಲಕ್ಕಿಂತ ಕೆಟ್ಟದಾಗಿದೆಯೋ ಅದಕ್ಕೆ ಹುಡುಗಿಯರ ಹಾಸ್ಟೆಲ್ ಸಿಗುತ್ತದೆ. ಅದು ದೊಡ್ಡ ಶಾಲೆಯ ಪಕ್ಕದಲ್ಲೇ, ಅರ್ಧ ದಿನದ ದಾರಿ ಕೆಳಗೆ. ಇಟ್ಟೊ ಆರನೆಯ ತರಗತಿ ಮುಗಿಸಿದ್ದಳು. ಹಾಸ್ಟೆಲ್ ಇಲ್ಲದಿದ್ದರೆ ಅವಳ ಓದು ಅಲ್ಲಿಗೇ ನಿಲ್ಲುತ್ತದೆ, ತೂದಾಳದು ನಿಂತಂತೆ.

ತೂದಾ ಹೊಳೆಯವರೆಗೂ ಓಡಿದಳು. ಬಸ್ಸೂ ಆಗಷ್ಟೇ ಪಿಕಪ್ ಗಾಡಿ ಹತ್ತುತ್ತಿದ್ದ.

“ಆ ಜಮಖಾನೆ ಒಂದೇ,” ಎಂದಳು ಏದುಸಿರಿನಲ್ಲಿ. “ಹದಿನಾಲ್ಕು ಮನೆಗೂ ಅದೊಂದೇ.”

“ಗೊತ್ತು. ಎರಡನೇ ಮನೇಲೇ ಗೊತ್ತಾಯ್ತು.”

“ಗೊತ್ತಿದ್ದೂ ನಕ್ಕಿರಿ.”

“ನಮ್ಮಮ್ಮ ಅತಿಥಿ ಬಂದಾಗ ಪಕ್ಕದ ಮನೆಯಿಂದ ಚಹಾ ಪಾತ್ರೆ ತರ್ತಿದ್ಲು. ಅದು ನೆನಪಾಯ್ತು.”

ತೂದಾಳ ಸಿಟ್ಟು ಅರ್ಧ ಇಳಿಯಿತು. ಇನ್ನರ್ಧ ಉಳಿದಿತ್ತು.

“ಹಾಗಾದ್ರೆ ಚೆನ್ನಾಗಿದ್ದಾರೆ ಅಂತ ಯಾಕೆ ಬರೆದ್ರಿ?”

ಮನೆಯ ಯಜಮಾನ ಹೇಳಿದ್ದನ್ನೇ ಬರೆಯಬೇಕೆಂಬ ನಿಯಮವಿದೆ ಎಂದ. ಕಷ್ಟ ಏನೆಂದು ಎರಡೆರಡು ಸಲ ಕೇಳಿದ್ದನಂತೆ, ಒಬ್ಬರೂ ಬಾಯಿ ಬಿಟ್ಟಿರಲಿಲ್ಲ.

“ಕಷ್ಟ ಕೇಳಿದ್ರೆ ಯಾರು ಹೇಳ್ತಾರೆ?” ತೂದಾ ಗಾಡಿಯ ಬಾಗಿಲು ಹಿಡಿದಳು. “ಅಲ್ಹಮ್ದುಲಿಲ್ಲಾ ಅಂತಾರಲ್ಲ… ಆ ವಂದನೆ ಯಾವುದಕ್ಕೆ ಅಂತ ಕೇಳಿ.”

ಪಿಕಪ್ ಅವನನ್ನು ಬಿಟ್ಟು ಹೋಯಿತು.

ಹದ್ದೂ ಮತ್ತೆ ಚಹಾ ಬಗ್ಗಿಸಿದರು. ಬಸ್ಸೂ ಹೊಸ ಪ್ರಶ್ನೆ ಕೇಳಿದ. ಹದ್ದೂ ಲೋಟ ಕೆಳಗಿಟ್ಟರು.

“ಹೇಸರಗತ್ತೆ ನಮ್ಮದೇ ಇತ್ತಲ್ಲ, ಅದಕ್ಕೆ. ಇವಳಮ್ಮನಿಗೆ ಹೆರಿಗೆ ನೋವು ಬಂದಾಗ ಮೊಣಕಾಲುದ್ದ ಹಿಮ. ಆ ಪ್ರಾಣಿ ಎಲ್ಲೂ ನಿಲ್ಲಲಿಲ್ಲ. ಅವಳು ಆಸ್ಪತ್ರೆ ದಾರೀಲೇ ಹೋದ್ಲು. ಆದ್ರೆ ನನ್ನ ತೋಳಲ್ಲೇ ಹೋದ್ಲು… ಅದಕ್ಕೆ.”

ಬಸ್ಸೂನ ಪೆನ್ನು ನಿಂತಿತು.

“ಬರ್ಕೋ ಮಗನೇ. ಕೂಸು ಉಳೀತು, ಅದಕ್ಕೆ.” ಹದ್ದೂ ಇಟ್ಟೊಳ ತಲೆಯ ಮೇಲೆ ಕೈಯಿಟ್ಟರು. “ಹೋದ ವರ್ಷ ಬಾರ್ಲಿ ಫೆಬ್ರವರಿ ತನಕ ಬಂತು, ಅದಕ್ಕೆ. ಆಮೇಲೆ ನೆರೆಮನೆಯವರು ಹಿಟ್ಟು ಕೊಟ್ರು, ಅದಕ್ಕೆ.”

ತೂದಾ ಗೋಡೆಯ ಕಡೆ ತಿರುಗಿದಳು. ಅಪ್ಪ ಆ ದಾರಿಯ ಮಾತೆತ್ತಿದ್ದು ಹನ್ನೆರಡು ವರ್ಷದಲ್ಲಿ ಇದೇ ಮೊದಲು.

ಎರಡು ದಿನ ಬಸ್ಸೂ ಹದಿನಾಲ್ಕೂ ಮನೆಗಳಲ್ಲಿ ಅದನ್ನೇ ಕೇಳಿದ. ಜನ ಯಾರನ್ನೂ ದೂರಲಿಲ್ಲ. ಒಂದೊಂದಾಗಿ ನೆನೆದರು, ಅವನು ಒಂದೊಂದಾಗಿ ಬರೆದ. ಜಮಖಾನೆ ಮಾತ್ರ ಈ ಸಲವೂ ಅವನಿಗಿಂತ ಮೊದಲೇ ಪ್ರತಿ ಮನೆ ಸೇರಿತು. ಆ ಪದ್ಧತಿ ಬಿಡಲು ಊರು ಒಪ್ಪಲಿಲ್ಲ. ಕೊನೆಯ ಹಾಳೆಯಲ್ಲಿ ಅವನು ಬರೆದ: ‘ಜಮಖಾನೆ ಒಂದು. ಇಡೀ ಊರಿನದು.’

ಅವನು ಹೋದ ಮೇಲೆ ಹಿಮ ಬಿತ್ತು. ಸುದ್ದಿಯಿಲ್ಲ. ಹಿಮ ಕರಗಿತು, ಆಗಲೂ ಸುದ್ದಿಯಿಲ್ಲ.

‘ಕಾಗದ ಯಾವ ಬೀರುವಿನಲ್ಲಿ ಬಿದ್ದಿದೆಯೋ… ಅವನಿಗೆ ನಾವು ಹದಿನಾಲ್ಕು ಹಾಳೆ, ಅಷ್ಟೇ.’ ಹಾಗಂದುಕೊಂಡೇ ತೂದಾ ದಿನಾ ಹೊಳೆಯ ಕಡೆ ನೋಡುತ್ತಿದ್ದಳು.

ಶಾಲೆ ಶುರುವಾಗುವ ಹೊತ್ತಿಗೆ ಹಾಸ್ಟೆಲ್ ತೆರೆಯಿತು. ಇಪ್ಪತ್ತು ಮಂಚ, ನೀರು, ಒಲೆ. ಇಟ್ಟೊ ಬಾಗಿಲ ಪಕ್ಕದ ಮಂಚ ಹಿಡಿದಳು. ನೆಲ ತಣ್ಣಗಿದೆಯೆಂದು ತಿಳಿದ ಹದಿನಾಲ್ಕು ಮನೆಯವರು ಜಮಖಾನೆಯನ್ನು ಅಲ್ಲಿಗೇ ಕಳಿಸಿದರು.

ಅಕ್ರೋಟು ಬಡಿದು ಉದುರಿಸುವ ವಾರ ಬಸ್ಸೂ ಬಂದ. ಜೊತೆಗೆ ಅವನ ತಾಯಿ, ತಾಯಿಯ ಕೈಯಲ್ಲಿ ನೀಲಿ ಕಾಗದ ಸುತ್ತಿದ, ಗೋಪುರದಂಥ ಎರಡು ಸಕ್ಕರೆ ಗಟ್ಟಿ. ಅದನ್ನು ಹೊತ್ತು ಬಂದವರು ಹೆಣ್ಣು ಕೇಳಲೆಂದೇ ಬಂದವರು; ಮನೆಯವರು ಅದನ್ನು ಒಡೆದರೆ ಒಪ್ಪಿದಂತೆ. ತಾಯಿ ಒಳಗೆ ಹದ್ದೂ ಎದುರು ಬರಿಯ ಹುಲ್ಲುಚಾಪೆಯ ಮೇಲೆ ಕುಳಿತು ಮಾತು ಶುರುಮಾಡಿದಳು.

ಬಸ್ಸೂ ಹೊಸ್ತಿಲ ಹೊರಗೆ ಬೂಟು ಬಿಚ್ಚುತ್ತಿದ್ದ. ಕಾಲುಚೀಲ ಹೊಸದು.

“ಒಂದು ಸುದ್ದಿ ಕಳಿಸೋಕಾಗಲಿಲ್ವಾ?” ಎಂದಳು ತೂದಾ.

“ಹಾಸ್ಟೆಲ್ ಸಿಗದಿದ್ರೆ ಯಾವ ಮುಖ ಇಟ್ಕೊಂಡು ಬರ್ಲಿ ಅಂತ…” ಅವನು ತಲೆಯೆತ್ತಿದ. “ಹೇಗಿದ್ದೀಯ, ತೂದಾ?”

“ಅಲ್ಹಮ್ದುಲಿಲ್ಲಾ.”

“ಯಾವುದಕ್ಕೆ?”

“ಇಟ್ಟೊ ಓದ್ತಿದ್ದಾಳೆ, ಅದಕ್ಕೆ.”

“ಅಷ್ಟೇನಾ?”

ಒಳಗೆ ಅಪ್ಪ ಸಕ್ಕರೆ ಒಡೆಯುವ ಸದ್ದು ಕೇಳಿಸಿತು.

“ನೀನು ಬಂದೆ, ಅದಕ್ಕೆ. ಒಳಗೆ ಬಾ, ಚಹಾ ಆರತ್ತೆ.”